ಗುಡುಗಿದ ಮಾರನೆಯ ದಿನ

ಗೌನಿಪಲ್ಲಿಯ ಕಡೆ ಒಂದು ಒಳ್ಳೆಯ ಗುಡುಗು ಮಳೆಯಾದರೆ ಸಾಕು, ಮಾವು, ಟೊಮೆಟೊ ರೇಟು ಬಿಟ್ಟು ಊರಿನ ಮಾತೆಲ್ಲ ಅಣಬೆಯತ್ತ ಹೊರಳುತ್ತದೆ. ಗುಡುಗಿಗೆ ಬೆದರಿಯೇ ಅಣಬೆ ನೆಲದಿಂದ ಏಳುತ್ತದೆ ಎನ್ನುವವರಿದ್ದಾರೆ. ನಾನು ತಕರಾರು ತೆಗೆಯುವುದಿಲ್ಲ. ಮುದ್ದೆಯ ಪಕ್ಕದಲ್ಲಿ ಹುತ್ತದ ಅಣಬೆ ಸಾರು ಇರುವಾಗ ವಿಜ್ಞಾನ ಮಾತಾಡುವವನು ರಸಿಕನಲ್ಲ.

ಆ ಅಣಬೆಯ ಬೇಸಾಯಗಾರರು ಗೆದ್ದಲುಗಳು. ಹುತ್ತದೊಳಗೇ ತೋಟ ಮಾಡಿ ಸಾಕುತ್ತವೆ. ಸಾಲಮನ್ನಾ ಕೇಳಿದ್ದಂತೂ ಇಲ್ಲ. ಜಾಗ ಬಲ್ಲವರು ಅಳಿಯನಿಗೂ ಬಾಯಿ ಬಿಡುವುದಿಲ್ಲ. ಹಾಗೆ ಬಲ್ಲ ಒಬ್ಬ ಅಜ್ಜಿಯನ್ನು ವಿಷದಣಬೆ ಗುರುತಿಸುವುದು ಹೇಗೆ ಎಂದು ಕೇಳಿದೆ. "ಅದು ನಂಗೊತ್ತಿಲ್ಲ ಕಣಪ್ಪಾ. ತಿನ್ನೋದು ಒಂದೆರಡು ಗೊತ್ತು, ಮಿಕ್ಕಿದ್ದು ಮುಟ್ಟಲ್ಲ."

ತೊಂದರೆಯಿರುವುದು ಎಲ್ಲ ಬಲ್ಲೆ ಎನ್ನುವವರಿಂದ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಭಯವಿಲ್ಲ ಎಂದು ಅವರು ತೀರ್ಪು ಕೊಡುತ್ತಾರೆ. ಎರಡೂ ಸುಳ್ಳು. ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಬಸವನಹುಳು ಮೆದ್ದು ಆರಾಮಾಗಿ ಮುಂದೆ ಹೋಗುತ್ತದೆ. ಅಮನೈಟಾ ಜಾತಿಯ ಕೆಲವು ಅಣಬೆಗಳಲ್ಲಿರುವ ಅಮಟಾಕ್ಸಿನ್ ಬೇಯಿಸಿದರೂ ಒಣಗಿಸಿದರೂ ಅಲ್ಲಾಡುವುದಿಲ್ಲ.

ಅದರ ಸ್ವಭಾವವೇ ಕಪಟ. ತಿಂದವರು ಅಡುಗೆ ಹೊಗಳಿ ಮಲಗುತ್ತಾರೆ. ಸಾಮಾನ್ಯವಾಗಿ 6ರಿಂದ 12 ಗಂಟೆ ಕಳೆದ ಮೇಲೆ ವಾಂತಿ, ಭೇದಿ. ಆಮೇಲೆ ಎಲ್ಲ ನಿಂತು, ದೇವರು ದೊಡ್ಡವನು ಎನ್ನುವಷ್ಟು ಸುಧಾರಿಸುತ್ತದೆ. ಅದೇ ಹೊತ್ತಿಗೆ ಯಕೃತ್ತಿನ ಜೀವಕೋಶಗಳು ಪ್ರೋಟೀನು ತಯಾರಿಸಲಾಗದೆ ಒಳಗೊಳಗೇ ಸಾಯುತ್ತಿರುತ್ತವೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಮಂದಿ ತೀರಿಕೊಂಡರು.

ಇದರ ಮುಂದೆ ಕ್ಲೋರೊಫಿಲಂ ಎಂಬುದು ಸಜ್ಜನ. ಹುಲ್ಲಿನ ಮೇಲೆ ಬಿಳಿ ಕೊಡೆ ಬಿಚ್ಚುವ ಈ ಅಣಬೆ ಒಂದೆರಡು ಗಂಟೆಯಲ್ಲೇ ವಾಂತಿ ಮಾಡಿಸಿ ತಪ್ಪೊಪ್ಪಿಕೊಳ್ಳುತ್ತದೆ. ಬಲಿತ ಟೊಪ್ಪಿಯನ್ನು ರಾತ್ರಿ ಬಿಳಿ ಕಾಗದದ ಮೇಲಿಟ್ಟರೆ ಬೆಳಿಗ್ಗೆ ಗೆರೆಗೆರೆಯಾಗಿ ಹಸಿರು ಪುಡಿ ಉದುರಿರುತ್ತದೆ. ಇನ್ನೊಂದು ಜಾತಿಯಿದೆ, ಮಸಿಯಂತೆ ಕರಗಿ ಸುರಿಯುವಂಥದ್ದು. ಸುಮ್ಮನೆ ತಿಂದರೆ ಏನೂ ಆಗದು. ಜೊತೆಗೆ ಹೆಂಡ ಸೇರಿತೋ, ಮುಖ ಕೆಂಪೇರಿ, ಎದೆ ಡವಡವಗುಟ್ಟಿ ವಾಂತಿ. ಈ ಸುದ್ದಿ ನಮ್ಮೂರ ಹೆಂಗಸರ ಕಿವಿಗೆ ಬಿದ್ದರೆ ಸಂತೆಯಲ್ಲಿ ಅದಕ್ಕೇ ಹೆಚ್ಚು ಬೆಲೆ ಬಂದೀತು.

ತಿಂದ ಮೇಲೆ ಅನುಮಾನ ಬಂದರೆ ಉಪ್ಪುನೀರು ಕುಡಿಸುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಮಿಕ್ಕ ಅಣಬೆಯನ್ನು ಬುಡ ಸಮೇತ ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೊರಡಿ. ವಾಂತಿ ನಿಂತಿತೆಂದು ಅರ್ಧ ದಾರಿಯಿಂದ ತಿರುಗಿ ಬರಬೇಡಿ.