ಕ್ಯಾಚ್ ಬಿಟ್ಟವರ ಕೈಪಿಡಿ

ಕ್ಯಾಚ್ ಬಿಡುವುದು ಯಾರಿಗೆ ಬೇಕಾದರೂ ಬರುತ್ತದೆ. ಬಿಟ್ಟ ಮೇಲೆ ಹೇಗೆ ನಿಲ್ಲಬೇಕೆಂಬುದು ಕಲಿತವರಿಗಷ್ಟೇ ಗೊತ್ತು. ಭಾನುವಾರದ ಟೆನ್ನಿಸ್ ಬಾಲ್ ಟೂರ್ನಮೆಂಟಾಗಲಿ, ಡಿವಿಷನ್ ಲೀಗಾಗಲಿ, ವಿಧಾನ ಒಂದೇ.

ಚೆಂಡು ಕೈಜಾರಿದ ಕೂಡಲೇ ಅದರ ಹಿಂದೆ ಓಡಬೇಡಿ. ಓಡಿದರೆ ತಪ್ಪು ನಿಮ್ಮದೆಂದು ಒಪ್ಪಿಕೊಂಡ ಹಾಗೆ. ಮೊದಲು ಆಕಾಶ ನೋಡಿ. ಕಣ್ಣಿಗೆ ಅಂಗೈ ಅಡ್ಡ ಹಿಡಿಯಿರಿ; ಸೂರ್ಯ ನಿಮ್ಮ ಬೆನ್ನ ಹಿಂದಿದ್ದರೂ ಹಿಡಿಯಿರಿ, ಅಷ್ಟು ದೂರದಿಂದ ದಿಕ್ಕು ಲೆಕ್ಕ ಹಾಕುವವರಿಲ್ಲ. ಮೋಡ ಕವಿದಿದ್ದರೆ ಒಂದು ಬೆರಳನ್ನು ಆರಿಸಿಕೊಳ್ಳಿ. ಅಲ್ಲಾಡಿಸಿ, ಊದಿ. ಮುಂದಿನ ಓವರಿನಲ್ಲೂ ಅದೇ ಬೆರಳನ್ನೇ ಹಿಡಿದುಕೊಳ್ಳಿ. ಬೆರಳು ಬದಲಿಸಿ ಸಿಕ್ಕಿಬಿದ್ದವರು ಬಹಳ ಮಂದಿ. ಇನ್ನುಳಿದದ್ದು ನೆಲ. ಕುಣಿಯಲಾರದವಳು ನೆಲ ಡೊಂಕೆಂದಳು ಅನ್ನುವುದನ್ನು ಜನ ಗೇಲಿಗೆ ಬಳಸುತ್ತಾರೆ. ನೀವು ತಾಂತ್ರಿಕ ಸಲಹೆಯೆಂದು ತಿಳಿಯಿರಿ. ಬಗ್ಗಿ, ಒಂದು ಕಲ್ಲು ಹೆಕ್ಕಿ, ಬೌಂಡರಿಯಾಚೆ ಎಸೆಯಿರಿ. ಕಲ್ಲಿಲ್ಲದ ಮೈದಾನಕ್ಕೆ ಹೋಗುವಾಗ ಜೇಬಿನಲ್ಲಿ ಇಟ್ಟುಕೊಂಡು ಹೋಗಿ.

ಬೇರೆಯವನು ಬಿಟ್ಟರೆ ಕೆಲಸ ಇನ್ನೂ ಸುಲಭ. ನೀವು ಬೌಲರಾಗಿದ್ದರೆ ಪಿಚ್ ನಡುವೆ ನಿಂತುಬಿಡಿ. ಎರಡೂ ಕೈ ಸೊಂಟಕ್ಕೆ. ಅವನನ್ನು ನೋಡಿ, ಆಮೇಲೆ ಕ್ಯಾಪ್ಟನ್ನನ್ನು ನೋಡಿ, ಮತ್ತೆ ಅವನನ್ನು. ಬಾಯಿ ಮಾತ್ರ ತೆರೆಯಬೇಡಿ. ಬೈದರೆ ಸಿಟ್ಟಿಗೆದ್ದು ಮುಂದಿನದನ್ನು ಹಿಡಿದುಬಿಟ್ಟಾನು. ಬರೀ ನೋಟವಾದರೆ, ಚೆಂಡು ತನ್ನ ಕಡೆ ಬಾರದಿರಲಿ ಎಂದು ಪಂದ್ಯ ಮುಗಿಯುವವರೆಗೆ ಹರಕೆ ಹೊರುತ್ತಾನೆ.

ಮುಟ್ಟುವ ವಿಷಯದಲ್ಲಿ ಎಚ್ಚರ. ಎನ್‌ಬಿಎ ಬ್ಯಾಸ್ಕೆಟ್‌ಬಾಲಿನ 2008-09ರ ಆಟಗಳನ್ನು ಬರ್ಕ್ಲಿಯ ಸಂಶೋಧಕರು ಕೂತು ನೋಡಿದರು. ಸೀಸನ್ ಆರಂಭದಲ್ಲಿ ಬೆನ್ನು ತಟ್ಟಿ, ಕೈಗೆ ಕೈ ಬಡಿದು ಹೆಚ್ಚು ಮುಟ್ಟಿಕೊಂಡ ತಂಡಗಳೇ ಮುಂದೆಯೂ ಚೆನ್ನಾಗಿ ಆಡಿದ್ದವಂತೆ. ಫುಟ್‌ಬಾಲ್ ವಿಶ್ವಕಪ್, ಯೂರೋ ಕಪ್‌ಗಳ ಪೆನಾಲ್ಟಿ ಶೂಟೌಟ್‌ಗಳನ್ನು ಪರಿಶೀಲಿಸಿದವರ ಮಾತೂ ಅದೇ ಧಾಟಿಯದು: ಗೋಲು ಹೊಡೆದು ಎರಡೂ ಕೈ ಎತ್ತಿ ಸಂಭ್ರಮಿಸಿದವನ ತಂಡ ಗೆಲ್ಲುವ ಸಂಭವ ಹೆಚ್ಚು, ಅವನ ನಂತರ ಒದೆಯಲು ಬರುವ ಎದುರಾಳಿ ತಪ್ಪುವ ಸಂಭವವೂ ಹೆಚ್ಚು. ಅಪಾಯ ಅರ್ಥವಾಯಿತಲ್ಲ? ವಿಕೆಟ್ ಬಿದ್ದು ಎಲ್ಲರೂ ಗುಂಪುಗೂಡುವಾಗ ನೀವು ಫೈನ್ ಲೆಗ್‌ನಲ್ಲೇ ಶೂ ಲೇಸ್ ಕಟ್ಟುತ್ತಿರಿ. ಕಬಡ್ಡಿಯವರಿಗೆ ಇದು ಸ್ವಲ್ಪ ಕಷ್ಟ, ಅಲ್ಲಿ ಚೈನ್ ಕಟ್ಟಲು ಕೈ ಹಿಡಿಯಲೇಬೇಕು. ರೇಡರ್ ತನ್ನ 30 ಸೆಕೆಂಡಿನಲ್ಲಿ ಒಳನುಗ್ಗುವ ಹೊತ್ತಿಗೆ ಸರಿಯಾಗಿ ಜೊತೆಯವನ ಕೈ ಬಿಟ್ಟು ಬೆವರು ಒರೆಸಿಕೊಳ್ಳಿ.

ಬ್ಯಾಟಿಂಗಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೌಲ್ಡಾದರೆ ಬ್ಯಾಟನ್ನು ತಿರುಗಿಸಿ ನೋಡಿ. ರನೌಟಾದರೆ ಜೊತೆಗಾರನ ಪಕ್ಕದಲ್ಲೇ ತಲೆಯಾಡಿಸುತ್ತ ಹೊರಡಿ, ರನ್ನಿಗೆ ಕರೆದವರು ನೀವೇ ಆಗಿದ್ದರೂ.

ಕೆಲವು ಹಳೆಯ ವಿಡಿಯೋಗಳು ನಿಮ್ಮ ಕ್ಯಾಪ್ಟನ್ನನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ದ ಅನಿಲ್ ಕುಂಬ್ಳೆ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಎಸೆದರು, ಲಾರಾ ವಿಕೆಟ್ಟನ್ನೂ ಕಿತ್ತರು. ಅದನ್ನು ನೋಡಿದವನು ನೀವು ಊದಿಕೊಳ್ಳುವ ಬೆರಳಿಗೆ ಕರಗುವುದಿಲ್ಲ.

ಇಷ್ಟೂ ಪಾಲಿಸಿದರೆ ಮುಂದಿನ ವಾರ ನಿಮ್ಮನ್ನು ಹನ್ನೆರಡನೆಯವರಾಗಿ ಕೂರಿಸುತ್ತಾರೆ. ಎದೆಗುಂದಬೇಡಿ, ಅಲ್ಲೂ ಕೆಲಸವಿದೆ. ಡ್ರಿಂಕ್ಸ್‌ಗೆ ಕರೆದರೆ ಕೇಳಿಸದವರಂತಿರಿ. ಎರಡನೇ ಸಲ ಕೂಗಿದಾಗ ಏಳಿ, ಓಡಬೇಡಿ, ನಡೆಯಿರಿ. ಬಾಟಲಿ ಮುಚ್ಚಳ ಬಿಗಿಯಾಗಿಯೇ ಇರಲಿ. ಗ್ಲೌಸ್ ತೊಟ್ಟ ಬ್ಯಾಟ್ಸ್‌ಮನ್ ಅದನ್ನು ಹಲ್ಲಿನಿಂದ ಕಚ್ಚಿ ತೆಗೆಯುತ್ತಿರುವಾಗ, ಸ್ಕೋರ್ ಬೋರ್ಡ್ ಕಡೆ ನೋಡಿ ಒಮ್ಮೆ ಲೊಚಗುಟ್ಟಿ.