ಹರಾಜು ಮಾವ

ನಮ್ಮ ಬೀದಿಯ ಮಕ್ಕಳು ಅವರಿಗೆ ಹರಾಜು ಮಾವ ಎಂದು ಹೆಸರಿಟ್ಟು ಆರು ವರ್ಷವಾಯಿತು. ಅಷ್ಟರಲ್ಲಿ ಅವರು ಆನ್‌ಲೈನ್ ಹರಾಜಿನಲ್ಲಿ ನೋಡಿದ ಕಾರುಗಳನ್ನು ಹಂಚಿದರೆ ಬೀದಿಯ ಮನೆಗೆ ಹತ್ತು ಬಂದಾವು. ಕೊಂಡದ್ದು ಒಂದೂ ಇಲ್ಲ. ಇವತ್ತಿಗೂ ತರಕಾರಿಗೆ ಹೊರಡುವುದು, ಪಕ್ಕಕ್ಕೆ ವಾಲಿಸಿದರಷ್ಟೇ ಸ್ಟಾರ್ಟ್ ಆಗುವ ಹಳೇ ಚೇತಕ್ ಸ್ಕೂಟರಿನಲ್ಲಿ.

ಬೆಳಗಿನ ಕಾಫಿ ಲೋಟದ ಪಕ್ಕದಲ್ಲೇ ಮೊಬೈಲು. ಅದರಲ್ಲಿ ಕಂತು ಕಟ್ಟದವರಿಂದ ಬ್ಯಾಂಕು ಎಳೆದು ತಂದ ಗಾಡಿಗಳು. ಇನ್ನೇನು ಹರಾಜು ಮುಗಿಯಿತು ಎನ್ನುವಾಗ ಯಾರೋ ಐದು ಸಾವಿರ ಏರಿಸುತ್ತಾರೆ, ಗಡುವು ಮತ್ತೆ ಮುಂದಕ್ಕೆ. ಕಾಫಿ ಆರುತ್ತದೆ. “ಈ ಏರಿಸ್ತಿರೋನು ಮಾರೋನ ಭಾಮೈದ, ಬರೆದಿಟ್ಕೊಳ್ಳಿ” ಎನ್ನುತ್ತಾರೆ ಮಾವ. ಬ್ಯಾಂಕಿಗೆ ಎಲ್ಲಿಯ ಭಾಮೈದ ಎಂದು ನಾನು ಕೇಳಲು ಹೋಗಿಲ್ಲ.

ಅನುಮಾನ ದಂಡವೇನಲ್ಲ. ಎದುರುಮನೆ ಹುಡುಗ ಹರಾಜಿನ ಠೇವಣಿ ಕಟ್ಟಲು ಹೊರಟಾಗ, ಖಾತೆ ಬ್ಯಾಂಕಿನ ಹೆಸರಲ್ಲಿಲ್ಲ, ಯಾರೋ ಒಬ್ಬನ ಹೆಸರಲ್ಲಿದೆ ಎಂದು ಕೈ ಹಿಡಿದವರು ಇವರೇ. ಇನ್ನೊಮ್ಮೆ ‘ಸೈನಿಕ’ನೊಬ್ಬನ ಫೋನು: ವರ್ಗವಾಗಿದೆ, ಕಾರು ಅರ್ಧ ಬೆಲೆಗೆ ಕೊಡುತ್ತೇನೆ, ಸಾಗಣೆ ಖರ್ಚು ಮಾತ್ರ ಮೊದಲೇ ಹಾಕಿ.

“ಗಾಡಿ ನೋಡಬೇಕಲ್ಲಪ್ಪಾ?”

“ಕಂಟೋನ್ಮೆಂಟ್ ಒಳಗಿದೆ ಸರ್, ಹೊರಗಿನವರನ್ನ ಬಿಡಲ್ಲ.”

“ಪರವಾಗಿಲ್ಲ, ಗೇಟ್ ಹತ್ರ ತಂದು ಒಂದು ಸಲ ಹಾರ್ನ್ ಹೊಡಿ. ಆಚೆ ನಿಂತು ಕೇಳಿಸ್ಕೋತೀನಿ.”

ಲೈನ್ ಕಟ್.

ಒಮ್ಮೆ ನನ್ನನ್ನೂ ಹರಾಜಿನ ಯಾರ್ಡಿಗೆ ಕರೆದೊಯ್ದರು. ‘ಇದ್ದಲ್ಲೇ, ಇದ್ದ ಹಾಗೆ’ ಮಾರಾಟ. ಕೊಂಡ ಮೇಲೆ ಅತ್ತರೆ ಕೇಳುವವರಿಲ್ಲ. ಮಾವ ಚೀಲದಿಂದ ಟಾರ್ಚು, ಭೂತಗನ್ನಡಿ ತೆಗೆದರು. ಚಾಸಿ ನಂಬರಿನ 17 ಅಕ್ಷರಗಳನ್ನೂ ಆರ್‌ಸಿ ಜೊತೆ ಸಹಸ್ರನಾಮದಂತೆ ಓದಿ ತಾಳೆ ನೋಡಿದರು. ಸಾಲ ತೀರಿದ ಫಾರಂ 35 ಕೊಡುತ್ತೀರಾ ಎಂದು ವಿಚಾರಿಸಿದರು. ಮೀಟರ್ 32 ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಬ್ರೇಕ್ ಪೆಡಲಿನ ರಬ್ಬರು ಮಾತ್ರ ಹಳೇ ಚಪ್ಪಲಿಯ ಹಿಮ್ಮಡಿಯಂತೆ ಸವೆದಿತ್ತು. ಕೊನೆಗೆ ಸೀಟ್ ಬೆಲ್ಟನ್ನು ಬುಡದವರೆಗೂ ಎಳೆದರು. ಕೊನೆಯ ಎರಡು ಗೇಣಿನಲ್ಲಿ ಒಣಗಿದ ಕೆಸರಿನ ಗೆರೆ. ಮೂಸಿ ನೋಡಿದರು.

“2022ರ ಸೆಪ್ಟೆಂಬರ್. ಬೆಂಗಳೂರು, ಔಟರ್ ರಿಂಗ್ ರೋಡ್. ಈ ಕಾರು ಈಜಿದೆ.”

ಯಾರ್ಡಿನ ಹುಡುಗ ಬಾಯಿ ಬಿಟ್ಟುಕೊಂಡು ನಿಂತ. ಇಸವಿ, ರಸ್ತೆ ಎಲ್ಲ ಮೂಗಿಗೆ ಹೇಗೆ ತಿಳಿಯಿತೋ! ಅಂದಿನಿಂದ ಮದುವೆಗೆ ಹೊರಟ ಬೀಗರ ಕಾರಾಗಲಿ, ಬಾಡಿಗೆ ಟ್ಯಾಕ್ಸಿಯಾಗಲಿ, ಹತ್ತಿದೊಡನೆ ಮಾವ ಬೆಲ್ಟ್ ಎಳೆಯುತ್ತಾರೆ. ಹಾಕಿಕೊಳ್ಳುವುದಿಲ್ಲ, ಎಳೆಯುತ್ತಾರೆ.

ಹೋದ ತಿಂಗಳು ನನ್ನ ಮಗ ಶೋರೂಮಿನಿಂದ ಹೊಸ ಕಾರು ತಂದ. ಚಕ್ರದಡಿ ಒಡೆದ ನಿಂಬೆಹಣ್ಣು ಇನ್ನೂ ಹಸಿಯಾಗಿತ್ತು. ಮಾವ ಬಂದವರೇ ಬಣ್ಣ ನೋಡಲಿಲ್ಲ, ಬೆಲೆ ಕೇಳಲಿಲ್ಲ, ಒಳಗೆ ಕೂತು ಬೆಲ್ಟನ್ನು ಬುಡದವರೆಗೂ ಎಳೆದು ಮೂಸಿದರು. ಏನೂ ಸಿಗಲಿಲ್ಲ. ಮುಖ ಸಣ್ಣದಾಯಿತು. ಇಳಿದು, ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದರು:

“ಬೆಲ್ಟ್ ಬದಲಾಯಿಸಿದಾರೆ.”