ಸಂಕಲ್ಪ ರಾಯರದು, ವ್ರತ ಊರಿನದು

ನಮ್ಮ ಬಡಾವಣೆಯ ರಾಯರು ಸಿಗರೇಟು ಬಿಟ್ಟವರು. ಯುಗಾದಿಗೆ ಬಿಟ್ಟರು, ಅಯ್ಯಪ್ಪನ ಮಾಲೆ ಹಾಕಿದಾಗ ಬಿಟ್ಟರು, ಮೇ 31ರ ವಿಶ್ವ ತಂಬಾಕುರಹಿತ ದಿನದಂದು ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕಿಯೂ ಬಿಟ್ಟರು. ಅಷ್ಟೂ ಸಲ ಬಿಟ್ಟಿದ್ದು ರಾಯರೇ. ಮತ್ತೆ ಶುರು ಮಾಡಿದ್ದು ಮಾತ್ರ ಒಮ್ಮೆಯೂ ಅವರಲ್ಲ.

ಯುಗಾದಿಯ ಸಂಕಲ್ಪ ಕೆಡಿಸಿದ್ದು ಆಫೀಸಿನ ಆಡಿಟ್. ಮಾಲೆ ತೆಗೆದ ಮೇಲೆ ಕೆಡಿಸಿದ್ದು ಟೀಗೆಂದು ಗಾಡಿ ನಿಲ್ಲಿಸಿದ ಡ್ರೈವರ್. ಮೇ 31ರದ್ದನ್ನು ಮುಂಗಾರು ಕೆಡಿಸಿತು. ಜಿಟಿಜಿಟಿ ಮಳೆಯಲ್ಲಿ ಯಾವ ಮನುಷ್ಯ ಸುಮ್ಮನಿರುತ್ತಾನೆ ಹೇಳಿ? ವರ್ಷಗಟ್ಟಲೆ ಆರ್‌ಸಿಬಿ ಸೋತ ದುಃಖಕ್ಕೆ ಸೇದಿದ ರಾಯರು, 2025ರಲ್ಲಿ ಕಪ್ ಬಂದಾಗ ಸಂತೋಷ ತಡೆಯಲಾರದೆ ಸೇದಿದರು. ಹನ್ನೊಂದು ಜನ ಆಟಗಾರರು ರಾಯರ ಶ್ವಾಸಕೋಶದ ಬಗ್ಗೆ ಸ್ವಲ್ಪವೂ ಯೋಚಿಸಲಿಲ್ಲ.

ಸಂಜೆ ದರ್ಶಿನಿಯಲ್ಲಿ ಬೈಟು ಕಾಫಿ ಮುಗಿಸಿ ಪಕ್ಕದ ಗೂಡಂಗಡಿಗೆ ಬರುತ್ತಾರೆ. ಅಂಗಡಿಯವ ಮುಖ ನೋಡಿದವನೇ ಅವರ ಬ್ರಾಂಡಿನದೊಂದು ತೆಗೆದು ಪೆಪ್ಪರ್‌ಮಿಂಟ್ ಡಬ್ಬದ ಮೇಲಿಡುತ್ತಾನೆ. ರಾಯರು ಫೋನ್ ತೆಗೆಯುತ್ತಾರೆ, ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ, ಮೊತ್ತ ಹಾಕುತ್ತಾರೆ, ಪಿನ್ ಒತ್ತುತ್ತಾರೆ. ಹಣ ಬಂತೆಂದು ಅಂಗಡಿಯ ಸೌಂಡ್‌ಬಾಕ್ಸ್ ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ. ದಾರದಲ್ಲಿ ನೇತಾಡುವ ಲೈಟರಿಗೆ ಬಗ್ಗಿ ಹಚ್ಚಿಕೊಂಡು, ಮೊದಲ ದಮ್ಮು ಎಳೆದು, "ನಾನೆಲ್ಲಿ ಕೇಳಿದೆ? ಅವನೇ ಕೊಟ್ಟ" ಎನ್ನುತ್ತಾರೆ. ಪಿನ್ ಒತ್ತಿದ ಬೆರಳು ಯಾರದು ಎಂದು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ.

ಸರ್ಕಾರದ ಮೇಲೂ ಅವರಿಗೆ ಸಿಟ್ಟಿದೆ. "ಬಿಡಿ ಸಿಗರೇಟು ಮಾರಬಾರದೆಂದು 2017ರಲ್ಲೇ ಆದೇಶವಾಗಿದೆ. ಜಾರಿ ಎಲ್ರೀ?" ಎಂದು ಅದೇ ಬಿಡಿ ಸಿಗರೇಟಿನ ಬೂದಿ ಕೊಡವುತ್ತ ಗುಡುಗುತ್ತಾರೆ. ಬಿಡಿಯಾಗಿ ಕೊಂಡರೆ ಇನ್ನೊಂದು ಅನುಕೂಲವಿದೆ. ಪ್ಯಾಕಿನ ಶೇ 85ರಷ್ಟು ಜಾಗ ಹಿಡಿದಿರುವ ಎಚ್ಚರಿಕೆ ಚಿತ್ರ ಕಾಣುವುದಿಲ್ಲ. ಅದರಲ್ಲೇ ಅಚ್ಚಾದ 1800-11-2356 ಎಂಬ ಪುಕ್ಕಟೆ ಸಹಾಯವಾಣಿಯೂ ಕಾಣುವುದಿಲ್ಲ. ಕಾಣದ ನಂಬರಿಗೆ ಫೋನ್ ಮಾಡಲಿಲ್ಲವೆಂದು ರಾಯರನ್ನು ದೂರುವುದು ಹೇಗೆ?

ನಿಕೋಟಿನ್ ಸಾಮಾನ್ಯ ಆಸಾಮಿಯಲ್ಲ, ನಿಜ. ಎಳೆದ ಹೊಗೆಯಿಂದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳಿಗೆ ಹೋಗಿ ಕೂರುತ್ತದೆ. ಬಿಟ್ಟ ಮೊದಲ ದಿನಗಳಲ್ಲಿ ಸಿಡುಕು, ತಲೆನೋವು, ನಿದ್ದೆಗೇಡು. ಈ ಅಧ್ಯಾಯ ರಾಯರಿಗೆ ಬಾಯಿಪಾಠ. ಮುಂದಿನದು ಮಾತ್ರ ಅವರ ಪಠ್ಯದಲ್ಲಿಲ್ಲ: ಒಂದೊಂದು ಸೆಳೆತವೂ ನಿಲ್ಲುವುದು ಕೆಲವೇ ನಿಮಿಷ, ನೀರು ಕುಡಿದು ನಾಲ್ಕು ಹೆಜ್ಜೆ ಆಚೆ ಹೋದರೆ ಹಾಯ್ದುಹೋಗುತ್ತದೆ, ಮೆಡಿಕಲ್ ಶಾಪಿನಲ್ಲಿ ನಿಕೋಟಿನ್ ಗಮ್ ಸಿಗುತ್ತದೆ, ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವೈದ್ಯರಿದ್ದಾರೆ. ರಾಯರು ಆ ಕೆಲವು ನಿಮಿಷಗಳನ್ನು ಕಾರಣ ಹುಡುಕಲು ಬಳಸಿಕೊಳ್ಳುತ್ತಾರೆ. ಕಾರಣ ಸಿಕ್ಕಿ ಒಂದು ಸೇದಿದರೆ, "ಹೇಗೂ ಕೆಟ್ಟಿತಲ್ಲ" ಎಂದು ಮರುದಿನ ಇಡೀ ಪ್ಯಾಕು. ಜಾರಿದ್ದು ಒಂದು ಮೆಟ್ಟಿಲು. ಉಳಿದದ್ದನ್ನು ಅವರು ನಡೆದೇ ಇಳಿಯುತ್ತಾರೆ.

ಹಾಗಾಗಿ ರಾಯರು ಸಿಗರೇಟು ಬಿಟ್ಟಾಗಲೆಲ್ಲ ವ್ರತ ಹಿಡಿಯಬೇಕಾದವರು ಉಳಿದವರು. ಹೆಂಡತಿ ಅಂಗಿ ಮೂಸಬಾರದು. ಮೂಸಿದರೆ, "ನಿನ್ನ ಅನುಮಾನಕ್ಕೇ ಸೇದಿದೆ." ಮೂಸದಿದ್ದರೆ, "ನಿನಗೆ ನನ್ನ ಆರೋಗ್ಯದ ಚಿಂತೆ ಎಲ್ಲಿದೆ?" ಮಗ ಗಣಿತದಲ್ಲಿ ಫೇಲಾಗಬಾರದು, ಬಾಸ್ ಭಾನುವಾರ ಫೋನ್ ಮಾಡಬಾರದು, ಸಿಲ್ಕ್ ಬೋರ್ಡಿನಲ್ಲಿ ಟ್ರಾಫಿಕ್ ನಿಲ್ಲಬಾರದು. ಇಷ್ಟನ್ನೂ ಎಲ್ಲರೂ ಪಾಲಿಸಿ ಒಂದು ವಾರ ಕಳೆದರೆ, ರಾಯರು ಎದೆ ತಟ್ಟಿಕೊಂಡು ಹೇಳುವುದು: "ಎಲ್ಲಾ ನನ್ನ ವಿಲ್‌ಪವರ್!"

ಸೇದಿದ ಪಾಪವನ್ನು ರಾಯರು ಇಡೀ ಊರಿಗೆ ಸಮನಾಗಿ ಹಂಚಲಿ, ಅಡ್ಡಿಯಿಲ್ಲ. ಎದೆಯ ಎಕ್ಸ್‌ರೇ ಮೇಲೆ ಮಾತ್ರ ಒಬ್ಬರ ಹೆಸರನ್ನೇ ಬರೆಯುತ್ತಾರೆ. ಅಲ್ಲಿ ಜಂಟಿ ಖಾತೆ ತೆರೆಯುವ ಸೌಲಭ್ಯ ಇನ್ನೂ ಬಂದಿಲ್ಲ.